ಕುರುಹು ಮತ್ತು ನೆಲ: ಗಣಕಯಂತ್ರದ ವಿಮಾನಯಾನದಲ್ಲಿ ಉಪಗ್ರಹಚಿತ್ರಗಳ ಅಳವಡಿಕೆ

ಆಕಾಶದಲ್ಲಿ ನಿಂತು ನೆಲವನ್ನು ನೋಡಬೇಕೆಂಬ ಬಯಕೆ ಮಾನವನಿಗೆ ಹೊಸದಲ್ಲ. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದ ಬಹುಭಾಗ ಇಂಥ ನೋಟಕ್ಕೇ ಮೀಸಲಾಗಿದೆ. ಲಂಕೆಯಿಂದ ಪುಷ್ಪಕವಿಮಾನದಲ್ಲಿ ಮರಳುವ ಶ್ರೀರಾಮನು ಕೆಳಗೆ ಕಾಣುವ ಕಡಲು, ಸೇತುವೆ, ಪಂಪಾಸರೋವರ, ಗೋದಾವರಿ, ಗಂಗಾಯಮುನೆಯರ ಸಂಗಮ ಇವುಗಳನ್ನು ಒಂದೊಂದಾಗಿ ಸೀತೆಗೆ ತೋರಿಸುತ್ತಾನೆ. ಅಲ್ಲಿ ಗಮನಿಸಬೇಕಾದ ಅಂಶವೊಂದುಂಟು. ರಾಮನು ತೋರಿಸುವ ಸ್ಥಳಗಳಲ್ಲಿ ಬಹಳಷ್ಟು ಆತನು ಹಿಂದೆ ಕಾಲ್ನಡಿಗೆಯಿಂದ ಕಂಡವು. ಮೇಲಣ ನೋಟಕ್ಕೆ ಅರ್ಥ ಬಂದುದು ಕೆಳಗಣ ಪರಿಚಯದಿಂದ.

ಕವಿಗಳ ಕಲ್ಪನೆಯಲ್ಲಿದ್ದ ಆ ನೋಟವು ಇಂದು ಸಾಮಾನ್ಯ ಗೃಹಸ್ಥನ ಮನೆಯ ಮೇಜಿನ ಮೇಲೆ ಲಭ್ಯವಾಗಿದೆ. ವಿಮಾನವನ್ನು ನಡೆಸಿದಂತೆಯೇ ಅನುಭವವನ್ನು ಕೊಡುವ ಗಣಕಯಂತ್ರದ ತಂತ್ರಾಂಶಕ್ಕೆ ‘ಫ್ಲೈಟ್ ಸಿಮ್ಯುಲೇಟರ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ವಿಮಾನಾನುಕರಣ ತಂತ್ರಾಂಶವೆನ್ನಬಹುದು. ಇದರೊಳಗೆ ಕಾಣುವ ನೆಲದ ಮೇಲೆ ಉಪಗ್ರಹಗಳು ತೆಗೆದ ನಿಜವಾದ ಚಿತ್ರಗಳನ್ನು ಹಾಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಆ ಪದ್ಧತಿಯ ಸ್ವರೂಪವೇನು, ಅದನ್ನು ಅಳವಡಿಸುವ ಕ್ರಮವೇನು, ಅದರಿಂದ ವಿದ್ಯಾರ್ಥಿಗಳಿಗೆ ಆಗುವ ಪ್ರಯೋಜನ ಮತ್ತು ಆಗಬಹುದಾದ ಭ್ರಮೆ ಯಾವುವು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಣ್ಣು ಮುಚ್ಚಿ ಕಲಿಸಿದ ಯಂತ್ರ

ವಿಮಾನಾನುಕರಣದ ಚರಿತ್ರೆಯು ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಆರ್ಗನ್ ಮತ್ತು ಪಿಯಾನೋ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಅಲ್ಲಿ ಗಾಳಿಯ ತಿದಿಗಳ ಮರ್ಮವನ್ನು ಅರಿತ ಲಿಂಕ್, 1929ರಲ್ಲಿ ಅವೇ ತಿದಿಗಳ ಬಲದಿಂದ ವಾಲುವ, ತಿರುಗುವ ಪುಟ್ಟ ವಿಮಾನವೊಂದನ್ನು ನಿರ್ಮಿಸಿದನು. ಮೊದಮೊದಲು ಅದು ಜಾತ್ರೆಯ ಆಟಿಕೆಯೆಂದೇ ಎಣಿಸಲ್ಪಟ್ಟಿತು. 1934ರಲ್ಲಿ ಅಮೆರಿಕದ ಸೈನ್ಯವು ಅಂಚೆಯನ್ನು ವಿಮಾನದಲ್ಲಿ ಒಯ್ಯುವ ಹೊಣೆ ಹೊತ್ತಾಗ, ಕೆಟ್ಟ ಹವೆಯಲ್ಲಿ ನೆಲ ಕಾಣದೆ ಹಲವು ವೈಮಾನಿಕರು ಪ್ರಾಣ ಕಳೆದುಕೊಂಡರು. ಆ ದುರಂತದ ಅನಂತರ ಸೈನ್ಯವು ಲಿಂಕನ ಆರು ಯಂತ್ರಗಳನ್ನು ಕೊಂಡಿತು. ಆ ಯಂತ್ರಕ್ಕೆ ಮೇಲುಮುಚ್ಚಳವಿತ್ತು; ಒಳಗೆ ಕುಳಿತವನಿಗೆ ಹೊರಗಿನ ಏನೊಂದೂ ಕಾಣದು. ಮುಂದಿನ ಮಾಪಕಗಳನ್ನು ಮಾತ್ರ ನಂಬಿ ಹಾರುವುದನ್ನು ಅದು ಕಲಿಸುತ್ತಿತ್ತು.

ಆದರೆ ವಿಮಾನಯಾನದಲ್ಲಿ ಎರಡು ಮಾರ್ಗಗಳುಂಟು. ಒಂದು ಮಾಪಕಗಳನ್ನು ನೋಡಿ ಹಾರುವುದು. ಇನ್ನೊಂದು ಕಣ್ಣಾರೆ ನೆಲವನ್ನು ನೋಡಿ ಹಾರುವುದು. ಎರಡನೆಯ ಮಾರ್ಗದಲ್ಲಿ ನದಿಯ ತಿರುವು, ರೈಲುದಾರಿ, ಕೆರೆಯ ಏರಿ, ಬೆಟ್ಟದ ಕೋಡು ಇವೇ ದಾರಿಯ ಕುರುಹುಗಳು. ಹೊಸದಾಗಿ ಕಲಿಯುವವರೆಲ್ಲರೂ ಮೊದಲು ಅಭ್ಯಾಸ ಮಾಡುವುದು ಈ ಮಾರ್ಗವನ್ನೇ. ಇದನ್ನು ಅನುಕರಿಸಬೇಕಾದರೆ ಯಂತ್ರದೊಳಗೆ ನೆಲವೂ ಇರಬೇಕು. ಅದು ನಿಜವಾದ ನೆಲಕ್ಕೆ ಹೊಂದಿಕೆಯಾಗಲೂ ಬೇಕು.

ಬ್ರೂಸ್ ಆರ್ಟ್‌ವಿಕ್ ರೂಪಿಸಿದ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 1982ರಲ್ಲಿ ಐಬಿಎಂ ಗಣಕಯಂತ್ರಕ್ಕೆಂದು ಹೊರತಂದಾಗ, ಅದರಲ್ಲಿನ ನೆಲವೆಂದರೆ ಕೆಲವು ಗೆರೆಗಳು, ಕೆಲವು ಬಣ್ಣಗಳು ಅಷ್ಟೆ. 1995ರಲ್ಲಿ ಆಸ್ಟಿನ್ ಮೇಯರ್ ಆರಂಭಿಸಿದ ‘ಎಕ್ಸ್-ಪ್ಲೇನ್’ ಮುಂತಾದವು ಬೆಳೆದಂತೆ ನೆಲಕ್ಕೆ ಹೊಲ, ಕಾಡು, ಊರು ಎಂಬ ಭೇದಗಳು ಬಂದವು. ಆದರೂ ಅವು ಜಾತಿಚಿತ್ರಗಳು; ವ್ಯಕ್ತಿಚಿತ್ರಗಳಲ್ಲ. ‘ಒಣಭೂಮಿಯ ಹೊಲ’ವೆಂಬ ಒಂದೇ ಮಾದರಿಯ ಬಟ್ಟೆಯನ್ನು ಒಂದು ಸೀಮೆಯ ಉದ್ದಗಲಕ್ಕೂ ಹೊದಿಸಿದಂತೆ ಅವುಗಳ ರಚನೆ. ಅಲ್ಲಿ ಹೊಲವುಂಟು, ಇಂಥವರ ಹೊಲವೆಂಬುದಿಲ್ಲ. ಈ ಕೊರತೆಯನ್ನು ನೀಗಲು ಬಂದುದೇ ಉಪಗ್ರಹಚಿತ್ರಗಳ ಹಾಸುಗೆ.

ಚಿತ್ರದ ಮೂಲ, ಎತ್ತರದ ಮೂಲ

ನೆಲವನ್ನು ಅಂತರಿಕ್ಷದಿಂದ ಕ್ರಮಬದ್ಧವಾಗಿ ಚಿತ್ರಿಸುವ ಕಾರ್ಯ 1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಮೊದಲಾಯಿತು. ಅದರ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ ಸುಮಾರು 80 ಮೀಟರ್. ಚಿಕ್ಕ ಹಳ್ಳಿಯೊಂದು ಕೆಲವೇ ಚುಕ್ಕಿಗಳಲ್ಲಿ ಮುಗಿದುಹೋಗುತ್ತಿತ್ತು. ಭಾರತದ ಪ್ರಥಮ ಕಾರ್ಯಾಚರಣಾ ದೂರಸಂವೇದಿ ಉಪಗ್ರಹವಾದ ಐಆರ್‌ಎಸ್-1ಎ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡು 1988ರ ಮಾರ್ಚ್ 17ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆಯನ್ನೇರಿತು. 1999ರ ಇಕೋನಸ್ ಉಪಗ್ರಹದ ಚಿತ್ರಗಳಲ್ಲಿ ಚುಕ್ಕಿಯ ಅಳತೆ 1 ಮೀಟರಿಗೆ ಇಳಿಯಿತು. 2014ರಲ್ಲಿ ಹಾರಿದ ವರ್ಲ್ಡ್‌ವ್ಯೂ-3ರಲ್ಲಿ ಅದು ಸುಮಾರು 31 ಸೆಂಟಿಮೀಟರು.

ಚಿತ್ರವೊಂದೇ ಸಾಲದು. ಬೆಟ್ಟದ ಚಿತ್ರವನ್ನು ಸಮತಟ್ಟಾದ ಹಲಗೆಯ ಮೇಲೆ ಅಂಟಿಸಿದರೆ ಬೆಟ್ಟವಾಗಲಾರದು. ನೆಲದ ಏರುತಗ್ಗುಗಳ ಲೆಕ್ಕ ಬೇರೆಯೇ ಬೇಕು. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಂತರಿಕ್ಷ ನೌಕೆಯು ಹನ್ನೊಂದು ದಿನಗಳ ಯಾನದಲ್ಲಿ ರೇಡಾರಿನ ಸಹಾಯದಿಂದ ಭೂಮಿಯ ನೆಲಭಾಗದ ಸುಮಾರು 80 ಪಾಲನ್ನು ನೂರಕ್ಕೆ ಲೆಕ್ಕ ಹಿಡಿದು ಅಳೆಯಿತು. ಸುಮಾರು 30 ಮೀಟರಿಗೊಂದರಂತೆ ಎತ್ತರದ ಅಂಕಿಗಳು ಅದರಿಂದ ದೊರೆತವು. ಹೀಗೆ ಬಣ್ಣಕ್ಕೆ ಒಂದು ಮೂಲ, ಆಕಾರಕ್ಕೆ ಇನ್ನೊಂದು ಮೂಲ. ಇವೆರಡನ್ನು ಕೂಡಿಸುವುದೇ ಈ ವಿದ್ಯೆಯ ಸಾರ.

ಕೂಡಿಸುವ ಮುನ್ನ ಚಿತ್ರವನ್ನು ತಿದ್ದಬೇಕಾಗುತ್ತದೆ. ಉಪಗ್ರಹವು ಓರೆಯಾಗಿ ನೋಡಿದಾಗ ಬೆಟ್ಟಗಳು ಒಂದು ಕಡೆಗೆ ವಾಲಿದಂತೆ ಚಿತ್ರದಲ್ಲಿ ಮೂಡುತ್ತವೆ. ಪ್ರತಿಯೊಂದು ಬಿಂದುವನ್ನೂ ನೇರ ಮೇಲಿನಿಂದ ಕಂಡಂತೆ ಗಣಿತದಿಂದ ಸರಿಪಡಿಸಿದ ಚಿತ್ರಕ್ಕೆ ‘ಆರ್ಥೋ’ ಚಿತ್ರವೆನ್ನುತ್ತಾರೆ. ‘ಆರ್ಥೋ’ ಎಂಬ ಗ್ರೀಕ್ ಶಬ್ದಕ್ಕೆ ನೆಟ್ಟಗಿನದು, ಸರಿಯಾದುದು ಎಂದರ್ಥ.

ಒಂದು ಚೌಕದ ಲೆಕ್ಕ

ಎಕ್ಸ್-ಪ್ಲೇನ್ ತಂತ್ರಾಂಶಕ್ಕೆ ಇಂಥ ನೆಲವನ್ನು ಸಿದ್ಧಪಡಿಸಲು ‘ಆರ್ಥೋ-ಫೋರ್-ಎಕ್ಸ್‌ಪಿ’ ಎಂಬ ಸಾಧನವು ಉಚಿತವಾಗಿ ದೊರೆಯುತ್ತದೆ. ಇದು ಭೂಮಿಯನ್ನು ಒಂದು ಅಕ್ಷಾಂಶ, ಒಂದು ರೇಖಾಂಶದ ಅಳತೆಯ ಚೌಕಗಳಾಗಿ ವಿಂಗಡಿಸುತ್ತದೆ. ಚೌಕದ ನೈಋತ್ಯ ಮೂಲೆಯ ಅಂಕಗಳೇ ಅದರ ಹೆಸರು. ಉದಾಹರಣೆಗೆ ‘+13+077’ ಎಂಬ ಚೌಕವನ್ನು ತೆಗೆದುಕೊಳ್ಳಬಹುದು. ಉತ್ತರ 13ರಿಂದ 14ರವರೆಗೆ, ಪೂರ್ವ 77ರಿಂದ 78ರವರೆಗೆ ಇದರ ವ್ಯಾಪ್ತಿ. ವಿಸ್ತೀರ್ಣ ಸುಮಾರು 12,000 ಚದರ ಕಿಲೋಮೀಟರು. ಸಿದ್ಧಗಂಗೆ, ಶಿವಗಂಗೆ, ದೇವರಾಯನದುರ್ಗ, ದೊಡ್ಡಬಳ್ಳಾಪುರ, ನಂದಿಬೆಟ್ಟ ಇವೆಲ್ಲ ಈ ಒಂದೇ ಚೌಕದೊಳಗೆ ಬರುತ್ತವೆ. ಕೆಂಪೇಗೌಡ ವಿಮಾನ ನಿಲ್ದಾಣವೂ ಇದರಲ್ಲೇ ಇದೆ. ಆದರೆ 13ನೆಯ ಅಕ್ಷಾಂಶವು ಬೆಂಗಳೂರು ನಗರದೊಳಗೇ ಹಾದುಹೋಗುವುದರಿಂದ ವಿಧಾನಸೌಧ, ಎಚ್‌ಎಎಲ್ ನಿಲ್ದಾಣ ಮೊದಲಾದವು ದಕ್ಷಿಣದ ‘+12+077’ ಚೌಕಕ್ಕೆ ಸೇರುತ್ತವೆ. ಇದನ್ನರಿಯದೆ ಒಂದೇ ಚೌಕವನ್ನು ಸಿದ್ಧಪಡಿಸಿದವನಿಗೆ ನಗರದ ನಡುವೆ ಒಂದು ಗೆರೆ ಕಾಣುತ್ತದೆ: ಉತ್ತರಕ್ಕೆ ನಿಜವಾದ ಚಿತ್ರ, ದಕ್ಷಿಣಕ್ಕೆ ಸಾಮಾನ್ಯ ಹಾಸು. ಬೆಂಗಳೂರಿನ ಮೇಲೆ ಹಾರಬೇಕೆನ್ನುವವನಿಗೆ ಎರಡು ಚೌಕಗಳಾದರೂ ಬೇಕು.

ಮುಂದಿನ ನಿರ್ಣಯ ಚಿತ್ರದ ಸೂಕ್ಷ್ಮತೆಗೆ ಸಂಬಂಧಿಸಿದ್ದು. ಇದನ್ನು ‘ಝೂಮ್ ಮಟ್ಟ’ ಎಂಬ ಅಂಕದಿಂದ ಸೂಚಿಸುತ್ತಾರೆ. ಈ ಸೀಮೆಯ ಅಕ್ಷಾಂಶದಲ್ಲಿ 16ನೆಯ ಮಟ್ಟದ ಒಂದು ಚುಕ್ಕಿ ನೆಲದ ಮೇಲೆ ಸುಮಾರು 2.3 ಮೀಟರು, 17ನೆಯದು ಸುಮಾರು 1.2 ಮೀಟರು, 18ನೆಯದು ಸುಮಾರು 0.6 ಮೀಟರು. ಒಂದು ಮೆಟ್ಟಿಲು ಏರಿದರೆ ಚುಕ್ಕಿಯ ಅಗಲ ಅರ್ಧವಾಗುತ್ತದೆ. ಆದರೆ ಚುಕ್ಕಿಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಅಗಲವೂ ಇಮ್ಮಡಿ, ಉದ್ದವೂ ಇಮ್ಮಡಿಯಾಗುವುದೇ ಇದಕ್ಕೆ ಕಾರಣ. ಆದುದರಿಂದ ಒಂದು ಚೌಕಕ್ಕೆ 16ನೆಯ ಮಟ್ಟದಲ್ಲಿ ಸುಮಾರು ಒಂದೂವರೆ ಗಿಗಾಬೈಟ್ ಸ್ಥಳ ಸಾಕಾದರೆ, 17ರಲ್ಲಿ ಸುಮಾರು 6, 18ರಲ್ಲಿ ಸುಮಾರು 24 ಗಿಗಾಬೈಟ್ ಬೇಕಾಗುತ್ತದೆ. ಉತ್ಸಾಹದಿಂದ ಎಲ್ಲವನ್ನೂ ಮೇಲಿನ ಮಟ್ಟದಲ್ಲಿ ಕೇಳಿದವನ ಗಣಕಯಂತ್ರ ಬಹುಬೇಗ ತುಂಬಿಹೋಗುತ್ತದೆ. ಬಲ್ಲವರ ಪದ್ಧತಿ ಹೀಗೆ: ಇಡೀ ಚೌಕಕ್ಕೆ 16 ಅಥವಾ 17, ವಿಮಾನವು ನೆಲಕ್ಕೆ ಹತ್ತಿರವಾಗುವ ನಿಲ್ದಾಣಗಳ ಸುತ್ತ ಮಾತ್ರ 18. ಮೂರು ಸಾವಿರ ಮೀಟರ್ ಮೇಲೆ ಹಾರುವವನಿಗೆ ನೆಲದ ಹುಲ್ಲುಮೆದೆ ಕಾಣುವ ಅಗತ್ಯವಿಲ್ಲ.

ನಾಲ್ಕು ಹಂತಗಳು

ಚೌಕವೊಂದನ್ನು ಕಟ್ಟುವ ಕೆಲಸ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ರೇಖೆಗಳ ಸಂಗ್ರಹ. ಕಡಲತೀರ, ಕೆರೆ, ನದಿ, ರಸ್ತೆ, ವಿಮಾನ ನಿಲ್ದಾಣ ಇವುಗಳ ಗಡಿಗೆರೆಗಳು ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ನಕ್ಷೆಯಿಂದ ಬರುತ್ತವೆ. 2004ರಲ್ಲಿ ಆರಂಭವಾದ ಈ ನಕ್ಷೆಯು ಲೋಕದ ಅಸಂಖ್ಯಾತ ಸ್ವಯಂಸೇವಕರು ತಮ್ಮ ತಮ್ಮ ಊರಿನ ದಾರಿ, ಕೆರೆಗಳನ್ನು ಗುರುತಿಸಿ ಸಕಲರ ಬಳಕೆಗೆ ಬಿಟ್ಟುಕೊಟ್ಟುದರ ಫಲ. ಇದನ್ನು ಜ್ಞಾನದಾಸೋಹವೆಂದರೆ ಅತಿಶಯೋಕ್ತಿಯಾಗದು.

ಎರಡನೆಯದು ನೆಲದ ಎರಕ. ಎತ್ತರದ ಅಂಕಿಗಳನ್ನು ಆಧರಿಸಿ ನೆಲವನ್ನು ಸಣ್ಣದೊಡ್ಡ ತ್ರಿಕೋನಗಳ ಬಲೆಯಾಗಿ ಹೆಣೆಯಲಾಗುತ್ತದೆ. ಬಯಲಿನಲ್ಲಿ ತ್ರಿಕೋನಗಳು ದೊಡ್ಡವು, ವಿರಳ. ಬೆಟ್ಟದ ಇಳಿಜಾರಿನಲ್ಲಿ ಸಣ್ಣವು, ದಟ್ಟ. ಮೂರನೆಯದು ನೀರಿನ ಅಂಚುಗಳ ಲೇಪನ. ಚಿತ್ರದ ನೀರು ಅಲುಗದ ಬಣ್ಣ ಮಾತ್ರ. ಅದರ ಮೇಲೆ ತಂತ್ರಾಂಶದ ಅಲೆಯಾಡುವ ನೀರನ್ನು ಬೆರೆಸಿ, ದಡದಲ್ಲಿ ಎರಡೂ ಒಂದಾಗುವಂತೆ ಮಾಡುತ್ತಾರೆ. ನಾಲ್ಕನೆಯದು ಚಿತ್ರಗಳನ್ನು ತರಿಸಿ, ಬಲೆಯ ಮೇಲೆ ಹೊದಿಸಿ ಕಡತಗಳನ್ನಾಗಿ ಬರೆಯುವುದು. 17ನೆಯ ಮಟ್ಟದಲ್ಲಿ ಒಂದು ಚೌಕಕ್ಕೆ ಐನೂರಕ್ಕೂ ಮಿಕ್ಕು ದೊಡ್ಡ ಚಿತ್ರಗಳು ಬೇಕಾಗುವುದರಿಂದ ಈ ಹಂತಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹೊದಿಸಿದ ಚಿತ್ರದಲ್ಲಿ ಮರಗಳು, ಮನೆಗಳು ಬಣ್ಣದ ಕಲೆಗಳಾಗಿವೆಯೇ ಹೊರತು ಎದ್ದು ನಿಂತಿಲ್ಲ. ಎಕ್ಸ್-ಪ್ಲೇನ್‌ನ ಮೂಲ ನೆಲದಿಂದ ಕಟ್ಟಡ, ರಸ್ತೆ, ಕಾಡುಗಳನ್ನು ಮಾತ್ರ ಬಿಡಿಸಿಕೊಂಡು ‘ಮೇಲುಹೊದಿಕೆ’ ಎಂಬ ಪ್ರತ್ಯೇಕ ಪದರವಾಗಿ ಇರಿಸಬೇಕು. ಇದನ್ನು ಮರೆತರೆ ಇಡೀ ಸೀಮೆಯು ನೆಲಕ್ಕೆ ಹಾಸಿದ ಜಮಖಾನೆಯಂತೆ ತೋರುತ್ತದೆ.

ಪದರಗಳ ಕ್ರಮ

ಸಿದ್ಧವಾದ ಚೌಕವನ್ನು ಎಕ್ಸ್-ಪ್ಲೇನ್‌ನ ‘ಕಸ್ಟಮ್ ಸೀನರಿ’ ಎಂಬ ಕಡತಕೋಶದಲ್ಲಿಡಬೇಕು. ಹೊಸಬರು ಎಡವುವ ಸ್ಥಳ ಇದೇ. ಆ ಕೋಶದಲ್ಲಿ ‘ಸೀನರಿ ಪ್ಯಾಕ್ಸ್’ ಎಂಬ ಪಟ್ಟಿಯೊಂದಿರುತ್ತದೆ. ಅದರಲ್ಲಿ ಮೇಲೆ ಬರೆದುದಕ್ಕೆ ಹೆಚ್ಚಿನ ಅಧಿಕಾರ, ಕೆಳಗೆ ಬರೆದುದಕ್ಕೆ ಕಡಿಮೆ. ಓಲೆಗರಿಗಳ ಕಟ್ಟಿನಲ್ಲಿ ಮೇಲಿನ ಗರಿ ಕೆಳಗಿನದನ್ನು ಮುಚ್ಚುವಂತೆ ಈ ಏರ್ಪಾಡು. ವಿಶೇಷವಾಗಿ ರಚಿಸಿದ ವಿಮಾನ ನಿಲ್ದಾಣಗಳು ಎಲ್ಲಕ್ಕಿಂತ ಮೇಲೆ ಬರಬೇಕು; ಅನಂತರ ತಂತ್ರಾಂಶದೊಡನೆ ಬಂದ ಸಾಮಾನ್ಯ ನಿಲ್ದಾಣಗಳು; ಆಮೇಲೆ ಮೇಲುಹೊದಿಕೆ; ಅದರ ಕೆಳಗೆ ಚಿತ್ರಗಳಿಂದ ಕಟ್ಟಿದ ನೆಲ. ಈ ಕಾರಣದಿಂದಲೇ ಆರ್ಥೋ ಸಾಧನವು ಮೇಲುಹೊದಿಕೆಯ ಹೆಸರನ್ನು ಇಂಗ್ಲಿಷ್ ವರ್ಣಮಾಲೆಯ ‘ವೈ’ ಅಕ್ಷರದಿಂದಲೂ ನೆಲದ ಹೆಸರನ್ನು ಕೊನೆಯ ‘ಝೆಡ್’ ಅಕ್ಷರದಿಂದಲೂ ಆರಂಭಿಸುತ್ತದೆ. ಪಟ್ಟಿಯನ್ನು ಅಕಾರಾದಿಯಾಗಿ ಹೊಸದಾಗಿ ರಚಿಸಿದಾಗ ಅವು ತಾವಾಗಿ ಕೆಳಗೆ ಸೇರುತ್ತವೆ. ಆದರೆ ಈಗಾಗಲೇ ಇರುವ ಪಟ್ಟಿಗೆ ಹೊಸ ಚೌಕ ಸೇರಿದಾಗ ತಂತ್ರಾಂಶವು ಅದನ್ನು ತುದಿಯಲ್ಲಿ ಬರೆದುಬಿಡುತ್ತದೆ. ಆಗ ನೆಲವು ತನ್ನ ಮೇಲಿರಬೇಕಾದ ಪದರಗಳನ್ನೆಲ್ಲ ನುಂಗುತ್ತದೆ. ಕಟ್ಟಡ, ಕಾಡು, ರಸ್ತೆಗಳು ಮಾಯವಾಗುತ್ತವೆ. ಕಡತಗಳು ಕೆಟ್ಟಿಲ್ಲ, ಕ್ರಮ ಮಾತ್ರ ಕೆಟ್ಟಿದೆ ಎಂಬುದನ್ನರಿತು, ಪಟ್ಟಿಯನ್ನು ತೆರೆದು ಸಾಲುಗಳನ್ನು ಕೈಯಾರೆ ಕೆಳಗಿಳಿಸಿದರೆ ಸಾಕು.

2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಈ ಶ್ರಮವನ್ನು ಬಹುಮಟ್ಟಿಗೆ ತಪ್ಪಿಸಿದೆ. ಹಾರುತ್ತಿರುವಂತೆಯೇ ಬಿಂಗ್ ನಕ್ಷೆಯ ಚಿತ್ರಗಳನ್ನು ಅದು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಸೌಕರ್ಯ ದೊಡ್ಡದೇ. ಆದರೆ ಅಂತರ್ಜಾಲ ಕಡಿದರೆ ನಿಜವಾದ ಚಿತ್ರವೂ ಕಡಿಯುತ್ತದೆ. ಯಾವ ಚಿತ್ರವನ್ನು ಹಾಸಬೇಕೆಂಬ ಆಯ್ಕೆಯೂ ಬಳಸುವವನ ಕೈಯಲ್ಲಿಲ್ಲ. ಪದರಗಳನ್ನು ತಾನೇ ಜೋಡಿಸಿದವನಿಗೆ ಯಾವುದು ಎಲ್ಲಿಂದ ಬಂದಿತೆಂಬ ಅರಿವಿರುತ್ತದೆ. ವಿದ್ಯಾಸಂಸ್ಥೆಗಳ ದೃಷ್ಟಿಯಿಂದ ಈ ಅರಿವು ಬೆಲೆಯುಳ್ಳದ್ದು.

ಚಿತ್ರವು ಹೇಳುವ ಸುಳ್ಳುಗಳು

ಉಪಗ್ರಹಚಿತ್ರವನ್ನು ನೋಡಿದವರು ಇದು ನಿಜ, ಉಳಿದುದು ಕೃತಕ ಎಂದು ಭಾವಿಸುವುದು ಸಹಜ. ಆದರೆ ಚಿತ್ರವು ನೆಲವಲ್ಲ. ಒಂದು ದಿನ, ಒಂದು ಗಳಿಗೆಯಲ್ಲಿ ನೆಲವು ಹೇಗಿತ್ತೆಂಬುದರ ಕುರುಹು. ಈ ಭೇದವನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಒಂದನೆಯದು ಕಾಲ. ಕೆಂಪೇಗೌಡ ನಿಲ್ದಾಣವು ಬಳಕೆಗೆ ಬಂದುದು 2008ರ ಮೇ ತಿಂಗಳಲ್ಲಿ. ಅದರ ಎರಡನೆಯ ಓಡುದಾರಿ ಬಳಕೆಗೆ ಬಂದುದು 2019ರಲ್ಲಿ. ನಿಲ್ದಾಣದ ಕೆಲಸ ಆರಂಭವಾಗುವ ಮುನ್ನ ತೆಗೆದ ಚಿತ್ರವನ್ನು ಹಾಸಿದರೆ, ತಂತ್ರಾಂಶದ ಓಡುದಾರಿಯು ಹೊಲಗಳ ನಡುವೆ ಇಟ್ಟ ಪಟ್ಟಿಯಂತೆ ಕಾಣುತ್ತದೆ.

ಎರಡನೆಯದು ಋತು. ಎಕ್ಸ್-ಪ್ಲೇನ್‌ನ 12ನೆಯ ಆವೃತ್ತಿಯು ಋತುಗಳ ವ್ಯತ್ಯಾಸವನ್ನು ತೋರಬಲ್ಲದು. ಆದರೆ ಹಾಸಿದ ಚಿತ್ರಕ್ಕೆ ಒಂದೇ ಋತು. ಬೇಸಗೆಯಲ್ಲಿ ತೆಗೆದ ಚಿತ್ರವಾದರೆ ಆಷಾಢದಲ್ಲಿಯೂ ಹೊಲ ಕಂದಾಗಿಯೇ ಇರುತ್ತದೆ. ನೀರಿನ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಹೆಸರಘಟ್ಟದಂಥ ಕೆರೆಯು ಚಿತ್ರ ತೆಗೆದ ದಿನ ಬತ್ತಿದ್ದರೂ, ನಕ್ಷೆಯಲ್ಲಿ ಕೆರೆಯೆಂದು ಗುರುತಿಸಿದ್ದರೆ ತಂತ್ರಾಂಶವು ಅಲ್ಲಿ ನೀರನ್ನು ತುಂಬುತ್ತದೆ. ಚಿತ್ರದ ಸಾಕ್ಷ್ಯ ಒಂದು, ನಕ್ಷೆಯ ಸಾಕ್ಷ್ಯ ಇನ್ನೊಂದು. ಇಂದು ಆ ಕೆರೆಯಲ್ಲಿ ನೀರುಂಟೇ ಎಂಬುದನ್ನು ಎರಡೂ ಹೇಳಲಾರವು.

ಮೂರನೆಯದು ಬೆಳಕು. ಚಿತ್ರದೊಳಗಿನ ನೆರಳುಗಳು ಬಿದ್ದಲ್ಲಿಯೇ ಹೆಪ್ಪುಗಟ್ಟಿರುತ್ತವೆ. ತಂತ್ರಾಂಶದ ಸೂರ್ಯ ಪಶ್ಚಿಮಕ್ಕಿಳಿದರೂ ಚಿತ್ರದ ನೆರಳು ಬೆಳಗಿನಂತೆ ಪಶ್ಚಿಮಕ್ಕೇ ಚಾಚಿಕೊಂಡಿರುತ್ತದೆ. ರಸ್ತೆಯ ಮೇಲಿನ ವಾಹನಗಳು ಎಂದೆಂದಿಗೂ ಚಲಿಸವು. ಬೇರೆ ಬೇರೆ ದಿನಗಳ ಚಿತ್ರಗಳು ಕೂಡುವಲ್ಲಿ ಬಣ್ಣದ ತೇಪೆ ಎದ್ದುಕಾಣುತ್ತದೆ.

ನಾಲ್ಕನೆಯದು ಎತ್ತರ. ನಂದಿಬೆಟ್ಟದ ಶಿಖರ 1,478 ಮೀಟರ್ ಎತ್ತರದಲ್ಲಿದೆ. ಅದರ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದ ವಿಮಾನ ನಿಲ್ದಾಣದ ಎತ್ತರ 915 ಮೀಟರ್. ಟಿಪ್ಪುವಿನ ಹೆಸರಿನಿಂದ ಪ್ರಸಿದ್ಧವಾದ ಅಲ್ಲಿಯ ಕಡಿದಾದ ಬಂಡೆಯು 30 ಮೀಟರಿಗೊಂದು ಅಂಕಿಯ ಲೆಕ್ಕದಲ್ಲಿ ಇಳಿಜಾರಾಗಿ ಮೆತ್ತಗಾಗುತ್ತದೆ. ನೇರ ಮೇಲಿನಿಂದ ನೋಡಿದ ಚಿತ್ರದಲ್ಲಿ ಬಂಡೆಯ ಮುಖಕ್ಕೆ ಸಿಗುವ ಚುಕ್ಕಿಗಳೂ ಕೆಲವೇ. ಅವು ಎಳೆದು ಬಳಿದಂತೆ ತೋರುತ್ತವೆ. ಮೇಲಿನ ಕಣ್ಣಿಗೆ ಬಯಲು ಚೆನ್ನಾಗಿ ಕಂಡಂತೆ ಕಡಿದಾದ ಗೋಡೆ ಕಾಣದು. ಕಣ್ಣಿನಿಂದ ಹಾರುವುದನ್ನು ಕಲಿಯುವವನಿಗೆ ಇದು ಸಣ್ಣ ಮಾತಲ್ಲ. ಮೋಡ ಕವಿದ ದಿನ ಬೆಟ್ಟದ ಅಂಚಿನಲ್ಲಿ ಹಾರುವವನ ಪ್ರಾಣ ನಿಂತಿರುವುದು ಬೆಟ್ಟದ ನಿಜವಾದ ಆಕಾರದ ಮೇಲೆ. ಮನೆಯ ತಂತ್ರಾಂಶದಲ್ಲಿ ಕಳೆದ ಹೊತ್ತು ವೈಮಾನಿಕ ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲವೆಂಬ ನಿಯಮ ಯುಕ್ತವಾದುದೇ.

ಒಡೆತನದ ವಿಚಾರ

ಇನ್ನೊಂದು ವಿಷಯವನ್ನು ವಿದ್ಯಾಸಂಸ್ಥೆಗಳು ಉಪೇಕ್ಷಿಸಬಾರದು. ಸೂಕ್ಷ್ಮವಾದ ಚಿತ್ರಗಳಿಗೆ ಒಡೆಯರಿದ್ದಾರೆ. ನಕ್ಷಾಸೇವೆಗಳ ಚಿತ್ರಗಳನ್ನು ರಾಶಿಯಾಗಿ ಇಳಿಸಿಕೊಳ್ಳುವುದನ್ನೂ ಹಂಚುವುದನ್ನೂ ಅವುಗಳ ಷರತ್ತುಗಳು ಸಾಮಾನ್ಯವಾಗಿ ನಿರ್ಬಂಧಿಸುತ್ತವೆ. ಯಂತ್ರವು ಅನುಮತಿಸಿತು ಎಂಬುದು ಒಡೆಯನು ಅನುಮತಿಸಿದ್ದಕ್ಕೆ ಸಮವಲ್ಲ. ಸಾಧನವನ್ನು ಚಾಲನೆ ಮಾಡುವ ಮುನ್ನ ಷರತ್ತುಗಳನ್ನು ಓದಬೇಕು. ಮುಕ್ತವಾಗಿ ದೊರೆಯುವ ಚಿತ್ರಗಳೂ ಉಂಟು: ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚುಕ್ಕಿಯ ಚಿತ್ರಗಳೂ ಉಚಿತ. ಅವುಗಳಲ್ಲಿ ಮನೆ ಕಾಣದು, ಕೆರೆ ಕಾಣುತ್ತದೆ. ಮರ ಕಾಣದು, ತೋಪು ಕಾಣುತ್ತದೆ. ಎತ್ತರದಲ್ಲಿ ಹಾರುತ್ತ ಭೂಗೋಳವನ್ನು ಕಲಿಯಲು ಅಷ್ಟು ಸಾಕು. ಸತ್ಯಶುದ್ಧವಾದ ಕಾಯಕವನ್ನು ಬೋಧಿಸುವ ಸಂಸ್ಥೆಗಳಲ್ಲಿ ಕಲಿಕೆಯ ಸಾಮಗ್ರಿಯೂ ಸತ್ಯಶುದ್ಧವಾಗಿರುವುದು ಲೇಸು.

ಶಾಲೆಯಲ್ಲಿ ಇದರ ಸ್ಥಾನ

ಇಷ್ಟೆಲ್ಲ ಕೊರತೆಗಳಿದ್ದರೂ ಭೂಗೋಳದ ಬೋಧನೆಗೆ ಈ ಸಾಧನವು ಒದಗಬಲ್ಲ ರೀತಿ ಅನ್ಯಾದೃಶವಾದುದು. ಮಳೆಯ ನೀರು ಎತ್ತ ಹರಿಯುತ್ತದೆ, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹೇಗೆ ಸೇರುತ್ತದೆ, ಊರುಗಳು ಬೆಟ್ಟದ ಬುಡವನ್ನೂ ಕೆರೆಯ ದಡವನ್ನೂ ಏಕೆ ಆಶ್ರಯಿಸಿದವು ಎಂಬುದನ್ನು ಪಠ್ಯದ ನಕ್ಷೆಗಿಂತ ಹತ್ತು ನಿಮಿಷಗಳ ಇಂಥ ಹಾರಾಟ ಚೆನ್ನಾಗಿ ತಿಳಿಸುತ್ತದೆ. ಚೌಕವನ್ನು ಕಟ್ಟುವ ಕೆಲಸವೇ ಅಕ್ಷಾಂಶ, ರೇಖಾಂಶ, ಅಳತೆ, ವರ್ಗಗಣಿತಗಳ ಪ್ರಾಯೋಗಿಕ ಪಾಠವಾಗುತ್ತದೆ.

ಆದರೆ ಪಾಠವು ತೆರೆಯ ಮೇಲೆ ಮುಗಿಯಬಾರದು. ವಿದ್ಯಾರ್ಥಿಗಳು ತಮ್ಮ ಊರಿನ ಮೇಲೆ ಹಾರಿ ಕಂಡುದನ್ನು ಬರೆದುಕೊಳ್ಳಲಿ. ಅನಂತರ ಅದೇ ಕೆರೆಯ ಏರಿಯ ಮೇಲೆ ನಡೆದು, ಚಿತ್ರದಲ್ಲಿದ್ದು ನೆಲದಲ್ಲಿಲ್ಲದುದು ಯಾವುದು, ನೆಲದಲ್ಲಿದ್ದು ಚಿತ್ರದಲ್ಲಿಲ್ಲದುದು ಯಾವುದು ಎಂದು ಎರಡು ಪಟ್ಟಿಗಳನ್ನು ಮಾಡಲಿ. ಚಿತ್ರದಲ್ಲಿ ತುಂಬಿದ ಕೆರೆ ನೆಲದಲ್ಲಿ ಬತ್ತಿದ್ದರೆ, ಏಕೆ ಬತ್ತಿತೆಂದು ಊರಿನ ಹಿರಿಯರನ್ನು ಕೇಳಲಿ. ನಕ್ಷೆಯಲ್ಲಿ ತಪ್ಪಿದ್ದರೆ ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಅದನ್ನು ತಿದ್ದುವ ಅವಕಾಶವೂ ಅವರಿಗುಂಟು. ಅವರು ತಿದ್ದಿದ ಕೆರೆಯ ಗೆರೆಯು ಮುಂದೆ ಆ ಚೌಕವನ್ನು ಕಟ್ಟುವ ಯಾವ ದೇಶದವನ ತೆರೆಯ ಮೇಲಾದರೂ ಸರಿಯಾಗಿ ಮೂಡುತ್ತದೆ. ಹೊರನಾಡುಗಳಲ್ಲಿ ನೆಲೆಸಿ, ರಾತ್ರಿಯ ಬಿಡುವಿನಲ್ಲಿ ಹುಟ್ಟೂರಿನ ಮೇಲೆ ಹಾರುವ ಹಳೆಯ ವಿದ್ಯಾರ್ಥಿಗೂ ಅದು ಕಾಣುತ್ತದೆ.

ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ನೀಡುವ ಮಹನೀಯರು ಯಂತ್ರದೊಡನೆ ಈ ನಡಿಗೆಗೂ ಅನುಕೂಲ ಕಲ್ಪಿಸುವರಾದರೆ ದಾನವು ಪೂರ್ಣವಾಗುತ್ತದೆ. ಕುರುಹನ್ನು ಹಿಡಿದು ನೆಲಕ್ಕೆ ಬಂದ ಮಗುವಿಗೆ ಮತ್ತೊಮ್ಮೆ ಮೇಲೇರಿದಾಗ ಕಾಣುವುದು ಬರಿಯ ಬಣ್ಣವಲ್ಲ, ತನ್ನ ಊರು.